ಮೊದಲ ಸಲ ಬಂದವರು

ಪ್ರತಿ ನವೆಂಬರಿನಲ್ಲಿ ಮೂರು ದಿನದ ರಜೆಗೆ ಬ್ರೂಜ್ ಪಟ್ಟಣಕ್ಕೆ ಒಬ್ಬರೇ ಬರುವ ಹಾರ್ಮೆನ್ ಮೇಷ್ಟರು, ವಸತಿಗೃಹದ ಒಡತಿ ಗೋದಲೀವಳಿಗೆ ಹೇಳುವುದು ಒಂದೇ ಮಾತು: “ಈ ಊರಿಗೆ ಇದೇ ಮೊದಲು ನೋಡಿ, ಅಮ್ಮಾವ್ರೇ!” ಹನ್ನೊಂದು ವರ್ಷದಿಂದ ಅವಳೂ “ಹೌದಾ? ಬನ್ನಿ ಬನ್ನಿ” ಅನ್ನುತ್ತಾಳೆ. ಗಂಟೆಗೋಪುರ ಕಂಡು ಮಗುವಿನಂತೆ ಬಾಯಿ ಬಿಡುವ ಮೇಷ್ಟರು ಯಾರನ್ನೂ ದಾರಿ ಕೇಳುವುದಿಲ್ಲ. ಕಾಲುಗಳೇ ಅವರನ್ನು ಕಾಲುವೆಯ ಅದೇ ಸೇತುವೆಗೆ ಒಯ್ದು ನೀರು ನೋಡುತ್ತ ನಿಲ್ಲಿಸುತ್ತವೆ. ಈ ಸಲ ತಡೆಯಲಾರದೆ ಅವಳು ಹಳೆಯ ಅತಿಥಿ ಪುಸ್ತಕ ತೆರೆದು ತೋರಿಸಿದಳು. “ಅಕ್ಷರವೇನೋ ನಂದೇ. ಪಕ್ಕದಲ್ಲಿ ಹಿಲ್ಕೆ ಅಂತಿದೆಯಲ್ಲ, ಇದ್ಯಾರು?” ಎಂದರು ಮೇಷ್ಟರು. ಮೊದಲ ವರ್ಷ ಜೊತೆಗೆ ಬಂದಿದ್ದ ಹೆಂಡತಿ ಹಿಲ್ಕೆಯ ಹೆಣವನ್ನು ಆ ಸೇತುವೆಯ ಕೆಳಗಿನಿಂದ ಎತ್ತಿದಾಗ ಮೇಷ್ಟರ ಕೈ ಹಿಡಿದು ನಿಂತಿದ್ದವಳು ಗೋದಲೀವಳೇ. ಅವಳು ಪುಸ್ತಕ ಮುಚ್ಚಿದಳು. “ಯಾರೋ ಪ್ರವಾಸಿ, ಬಿಡಿ. ಕಾಫಿ ಆರ್ತಿದೆ, ಕುಡೀರಿ ಮೇಷ್ಟ್ರೇ.”