ಹಲ್ಲು ಕಡಿಯುವ ಮುಲಾಮು ಯಂತ್ರ

ಮುಅಲ್ಲಿಂ ನಸೂಹನ ಹೊಟ್ಟೆಕಿಚ್ಚಿನ ಮೇಲೆ ಪಾತ್ರೆ ಇಟ್ಟರೆ ಕಾಫಿ ಕುದಿಯುತ್ತಿತ್ತು. ನಾನು ಇಟ್ಟು ನೋಡಿದವನಲ್ಲ. ಆದರೆ ಲೆಬನಾನಿನ ನಮ್ಮ ತ್ರಿಪೋಲಿಯ ತಾಮ್ರಗಾರರ ಬೀದಿಯಲ್ಲಿ ಗ್ಯಾಸು ತೀರಿದವರೆಲ್ಲ ಮೊದಲು ಅವನ ಅಂಗಡಿಯ ಕಡೆ ಆಸೆಯಿಂದ ನೋಡುತ್ತಿದ್ದದ್ದು ನಿಜ.

ಆ ಕಿಚ್ಚಿಗೆ ಒಂದು ಹೆಸರಿತ್ತು, ಬದ್ರಿ. ಎದುರಂಗಡಿಯಲ್ಲಿ ಮೋಟಾರು ರಿಪೇರಿ ಮಾಡುವವನು.

ನಸೂಹನ ಕಸುಬು ಔಷಧದಂಗಡಿಗಳಿಗೆ ಮುಲಾಮು ಕಲಸುವ ಯಂತ್ರ ಮಾಡುವುದು. ಕೈ ಪಳಗಿದ ಕಸುಬುದಾರನನ್ನು ನಮ್ಮಲ್ಲಿ ಮುಅಲ್ಲಿಂ ಅನ್ನುತ್ತಾರೆ. ಗುಂಡನೆಯ ಬಟ್ಟಲು, ಒಳಗೆ ಬಾಗಿದ ಅಲಗುಗಳು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿ. ಸತುವಿನ ಪುಡಿ ಎಷ್ಟೇ ಹಟಮಾರಿಯಾಗಿರಲಿ, ಅವನ ಬಟ್ಟಲಿಗೆ ಬಿದ್ದರೆ ಒಂದು ಗಂಟೂ ಉಳಿಯುತ್ತಿರಲಿಲ್ಲ. ಮುಲಾಮಿನ ಮೇಲೆ ಕೂತ ನೊಣವೊಂದು ಜಾರಿದ್ದು ಜಾರುತ್ತಲೇ ಹೋಗಿ ದೂರದ ಸೈದಾ ಊರಲ್ಲಿ ನಿಂತಿತಂತೆ.

ಗಡಿಯಾರ ಗೋಪುರದ ಹತ್ತಿರ, ಅಮ್ಮಾವ್ರು ಎಂಬರ್ಥದಲ್ಲಿ ಎಲ್ಲರೂ ಸಿತ್ತ್ ಅನ್ನುವ ವಿದಾದ್ ಅವರ ಔಷಧದಂಗಡಿಯಲ್ಲಿ ಮೇಜು ಬಲು ಕಿರಿದು. ತಕ್ಕಡಿ, ಸಿತ್ತ್ ಅವರ ಮೊಣಕೈ ಬಿಟ್ಟರೆ ಒಂದೇ ಒಂದು ಯಂತ್ರಕ್ಕೆ ಜಾಗ. ಆ ಜಾಗ ಮೊದಲಿನಿಂದಲೂ ನಸೂಹನದು. ಬದ್ರಿ ಮೋಟಾರಿನ ಯಂತ್ರವೊಂದನ್ನು ತಂದುಕೊಟ್ಟ ಮೇಲೆ ನಸೂಹನದು ಕೆಳಗಿಳಿಯಿತು. ಇಳಿದದ್ದು ಕಪಾಟಿಗಲ್ಲ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅದನ್ನು ಅಡ್ಡ ಇಟ್ಟರು. ಅದನ್ನು ಕಂಡ ದಿನ ನಸೂಹ ಊಟ ಮಾಡಲಿಲ್ಲ. ಬೇಯಿಸಿದ ಫೂಲ್ ಕಾಳಿನ ತಟ್ಟೆ ಅವನನ್ನೂ ಅವನು ತಟ್ಟೆಯನ್ನೂ ನೋಡುತ್ತ ಕೂತರು.

ನಮ್ಮೂರ ಮಾತಿನಲ್ಲಿ ಕರೆಂಟು ಹೆಂಗಸು. ದೀಪ ಹತ್ತಿದರೆ "ಬಂದ್ಲು!", ಆರಿದರೆ "ಹೋದ್ಲು!" ಎಂದು ಬೀದಿಗೆ ಬೀದಿಯೇ ಕೂಗುತ್ತದೆ. ಬದ್ರಿಗೆ ಛೇಡಿಸಲು ಅದೇ ಸಾಕಾಯಿತು.

"ಏನ್ ಮುಅಲ್ಲಿಂ, ಅವಳು ನನ್ನ ಹತ್ರಾನೇ ಬರ್ತಾಳೆ. ನಿನ್ನ ಕಡೆ ತಿರುಗಿಯೂ ನೋಡಲ್ವಲ್ಲ!"

"ಅರ್ಧ ಕೆಲಸಕ್ಕೇ ಬಿಟ್ಟು ಓಡೋಳು ಅವಳು. ನೀನೇ ಇಟ್ಕೋ," ಎಂದ ನಸೂಹ.

ಅವಳು ಓಡುತ್ತಿದ್ದದ್ದೂ ಹೌದು. ಅರ್ಧ ಕಲಸಿದ ಮುಲಾಮು ಬಟ್ಟಲಲ್ಲೇ ಗಂಟುಗಟ್ಟುತ್ತಿತ್ತು. ಸಿತ್ತ್ ವಿದಾದ್ ಬೇಸತ್ತು ಇಬ್ಬರನ್ನೂ ಕರೆಸಿದರು. "ಅವಳಿದ್ದಾಗ ಅವಳು ಕಲಸ್ಬೇಕು, ಇಲ್ದಿದ್ರೆ ಕೈಯಿಂದ ಕಲಸೋ ಹಾಗಿರ್ಬೇಕು. ಅಂಥದ್ದು ಯಾರು ಮೊದಲು ತರ್ತೀರೋ ಅವರದ್ದು ಮೇಜಿನ ಮೇಲೆ. ಇನ್ನೊಬ್ಬರದ್ದು ಬಾಗಿಲಿಗೆ."

ನಸೂಹನಿಗೆ ಮೋಟಾರು ಬೇಕಾಯಿತು. ಬದ್ರಿಯ ಹತ್ತಿರ ಕೇಳುವುದಕ್ಕಿಂತ ಸಮುದ್ರಕ್ಕೆ ಹಾರುವುದು ಅವನಿಗೆ ಸುಲಭ. ಹೆಂಡತಿ ಹಿಯಾಮಳ ಹೊಲಿಗೆ ಯಂತ್ರದ್ದನ್ನೇ ಬಿಚ್ಚಿದ.

"ಯಾ ನಸೂಹ್, ನನ್ನ ಮೋಟಾರೆಲ್ಲಿ?"

"ಅದು ಈಗ ಔಷಧದ ಕಸುಬಿಗೆ ಸೇರ್ಕೊಂಡಿದೆ."

ಅಂಗಡಿಗೆ ಬಂದು ನೋಡಿದ ಹಿಯಾಮ್ ಕೇಳಿದಳು, "ಮೋಟಾರು ಓಡೋವಾಗ ಈ ಹಿಡಿ ಯಾಕೆ ಗಿರಗಿರ ತಿರುಗುತ್ತೆ? ಅದಕ್ಕೇನ್ ಕೆಲಸ?"

"ತಿರುಗ್ಬೇಕು. ಬರೀ ಮೋಟಾರು ಓಡಿದ್ರೆ ಜನ ಬದ್ರೀದು ಅಂತಾರೆ. ಹಿಡಿ ಕಂಡ್ರೇನೇ ನಂದು ಅನ್ನೋದು."

ಹೀಗೆ ಹಿಡಿಯನ್ನು ಅಲಗಿನ ದಂಡಕ್ಕೆ ಬಿಗಿಯಾಗಿ ಕೂರಿಸಿ, ಮೇಜಿನ ಮೇಲೆ ಸಿತ್ತ್ ಅವರ ಮೊಣಕೈಯ ಜಾಗದಲ್ಲಿಟ್ಟು, ಕರೆಂಟಿಲ್ಲದ ಹೊತ್ತಿನಲ್ಲಿ ಠೀವಿಯಿಂದ ತಿರುಗಿಸುತ್ತಿದ್ದ. ಬದ್ರಿ ಬಾಗಿಲಲ್ಲಿ ನಿಂತಿದ್ದ. ಇದ್ದಕ್ಕಿದ್ದಂತೆ ಬೀದಿ ಕೂಗಿತು, "ಬಂದ್ಲು!"

ಅವಳು ಬಂದ ರಭಸಕ್ಕೆ ಹಿಡಿ ಕೈಯಿಂದ ಕಿತ್ತುಕೊಂಡು ನಸೂಹನ ಮಣಿಕಟ್ಟಿಗೆ ಬಾರಿಸಿತು. ಬಟ್ಟಲು ಮಗುಚಿ ಮುಲಾಮು ಹಾರಿತು. ಸಿತ್ತ್ ಅವರ ಕನ್ನಡಕ ಬೆಳ್ಳಗಾಯಿತು, ಮೂರನೇ ಮಹಡಿಯ ಕರಿ ಬೆಕ್ಕು ಬೆಳ್ಳಗಾಯಿತು. ಅದರ ಮರಿಗಳು ಇವತ್ತಿಗೂ ಬಿಳಿಯವೇ.

"ಅವಳ ಕೈ ಹಿಡಿಯೋಕೆ ಹೋದ್ಯಾ ಮುಅಲ್ಲಿಂ? ಕಪಾಳಕ್ಕೆ ಕೊಟ್ಲು ನೋಡು!" ಬದ್ರಿ ನಗುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಗುರುವಾರ ನಂದು ತರ್ತೀನಿ, ಸಿತ್ತ್."

ನಸೂಹ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಅಂಗಡಿಯಲ್ಲಿ ಕೂತ. ಕೂತು ಎಂದಿನಂತೆ ಬದ್ರಿಯನ್ನೇ ನೋಡಿದ. ಅವನು ಬೀಗ ಹಾಕುವ ರೀತಿ, ಮೀಸೆ ಒರೆಸುವ ರೀತಿ, ಸೈಕಲ್ಲು ಹತ್ತುವ ರೀತಿ, ಎಲ್ಲವೂ ನಸೂಹನಿಗೆ ಬಾಯಿಪಾಠ. ಬದ್ರಿ ಇಳಿಜಾರಿನಲ್ಲಿ ಪೆಡಲು ತುಳಿಯದೆ ಟಿಕ್ ಟಿಕ್ ಟಿಕ್ ಎಂದು ತೇಲಿ ಹೋದ.

"ಸೋಮಾರಿ! ಚಕ್ರ ಓಡ್ತಿದೆ, ಕಾಲು ಮಾತ್ರ ಆಡಿಸಲ್ಲ," ಎಂದು ಗೊಣಗಿದ ನಸೂಹ, ಹಾಗೇ ಎದ್ದು ನಿಂತ.

ಬದ್ರಿ ಸೈಕಲ್ಲು ಕೊಂಡ ದಿನವೇ ನಸೂಹ ತನ್ನದನ್ನು ಹತ್ತುವುದು ಬಿಟ್ಟಿದ್ದ. ಅದರ ಹಿಂಚಕ್ರದ, ಪೆಡಲು ನಿಂತರೂ ಚಕ್ರವನ್ನು ಓಡಲು ಬಿಡುವ ಫ್ರೀವೀಲನ್ನು ಬಿಚ್ಚಿದ, ಗುಜರಿಯಿಂದ ಇನ್ನೊಂದು ತಂದ. ಒಂದು ಹಿಡಿಗೆ, ಒಂದು ಮೋಟಾರಿಗೆ. ಇನ್ನು ಅವಳು ಬಂದರೆ ಹಿಡಿ ಸುಮ್ಮನಿರುತ್ತದೆ. ಕೈಯಿಂದ ತಿರುಗಿಸುವಾಗ ಮೋಟಾರಿನ ಭಾರ ಕೈಗೆ ಬೀಳುವುದಿಲ್ಲ. ಹಿಡಿ ತಿರುಗದೆ ನಿಲ್ಲುವುದನ್ನು ನೋಡಿ ಅವನಿಗೆ ಸಂಕಟವಾಯಿತು. ಆದರೂ ಬಾಗಿಲಿಗೆ ಬೀಳುವುದಕ್ಕಿಂತ ವಾಸಿ.

ಗುರುವಾರ ಬದ್ರಿಗಿಂತ ಮುಂಚೆ ಹೋಗಿ ಮತ್ತೆ ಮೊಣಕೈಯ ಜಾಗದಲ್ಲೇ ಇಟ್ಟು ತಿರುಗಿಸುತ್ತಿದ್ದಾಗ ಬೀದಿ ಮತ್ತೆ ಕೂಗಿತು. ಸಿತ್ತ್ ವಿದಾದ್ ಮೇಜಿನ ಹಿಂದೆ ಬಗ್ಗಿದರು. ಏನೂ ಹಾರಲಿಲ್ಲ. ಹಿಡಿ ನಸೂಹನ ಕೈಯಲ್ಲೇ ನಿಂತಿತು, ಅಲಗು ತಿರುಗುತ್ತಲೇ ಇತ್ತು.

ತನ್ನ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಬಂದ ಬದ್ರಿ ಕಿವಿ ನಿಮಿರಿಸಿದ. "ಇದು ನನ್ನ ಸೈಕಲ್ ಸದ್ದು!"

"ನಿನ್ನ ಸೈಕಲ್ಲು ಹೊರಗೇ ಇದೆ. ಹೋಗಿ ನೋಡ್ಕೋ."

"ಟಿಕ್ ಟಿಕ್ ಯಾಕೆ ಅನ್ನುತ್ತೆ?" ಎಂದು ಕೇಳಿದರು ಸಿತ್ತ್. ನಸೂಹ ಎರಡು ಬಗೆಯಲ್ಲೂ ತಿರುಗಿಸಿ ತೋರಿಸಿದ. ಮೋಟಾರು ಓಡಿದರೆ ಹಿಡಿಯ ಕಡೆ ಟಿಕ್ ಟಿಕ್, ಹಿಡಿ ತಿರುಗಿದರೆ ಮೋಟಾರಿನ ಕಡೆ ಟಿಕ್ ಟಿಕ್.

"ಅರ್ಥವಾಯ್ತು. ಒಂದು ದುಡೀತಿದ್ರೆ ಇನ್ನೊಂದು ಕೂತು ಹಲ್ಲು ಕಡಿಯುತ್ತೆ," ಎಂದು ಸಿತ್ತ್ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಬದ್ರಿಯ ಹಳೆಯ ಯಂತ್ರವನ್ನು ಮೇಜಿನಿಂದಿಳಿಸಿ ಬಾಗಿಲಿಗೆ ಅಡ್ಡ ಇಟ್ಟರು.

ನಸೂಹ ಗೆದ್ದ ಸುಖದಲ್ಲಿ ಒಂದು ಲೋಟ ಕಾಫಿ ಕುಡಿದ. ಕುಡಿಯುತ್ತ ಬಾಗಿಲ ಕಡೆ ನೋಡಿದ. ಬಂದವರೆಲ್ಲ ಮೊದಲು ಬಗ್ಗಿ ನೋಡುತ್ತಿದ್ದದ್ದು ಬದ್ರಿಯ ಯಂತ್ರವನ್ನೇ. ಒಬ್ಬಳಂತೂ ಚೆನ್ನಾಗಿದೆ ಎಂದು ಸವರಿಯೇ ಹೋದಳು.

ಲೋಟ ಕೆಳಗಿಟ್ಟ. "ಸಿತ್ತ್, ಆ ಬಾಗಿಲಿಗೆ ಒಂದು ಕಲ್ಲು ತಂದ್ಕೊಡ್ಲಾ?"