ಅಮರಪ್ಪ ಸರ್‌ಗೆ ಕೇಳಿಸುವ ಹಾಗೆ

ಹೋದ ವರ್ಷ, ನಮ್ಮ ಕಡೆ ಭತ್ತದ ಕೊಯ್ಲು ಜೋರಾಗಿ ನಡೆದಿದ್ದ ದಿನಗಳು. ಸಿಂಧನೂರಿನಲ್ಲಿ ಒಂದು ಔಷಧದಂಗಡಿಯ ಮೇಲಿನ ಕೋಣೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಡುವ ಕೆಲಸ ನಡೆಸುತ್ತೇನೆ. ನನ್ನೂರು ಗೊರೇಬಾಳ. ದಿನಾ ಸ್ಕೂಟಿಯಲ್ಲಿ ಬಂದು ಹೋಗುವುದು. ಶಾಲೆ, ಅಕ್ಕಿ ಗಿರಣಿ, ಬೀಜದಂಗಡಿ, ಇಂಥವರೇ ನನ್ನ ಗಿರಾಕಿಗಳು.

ಒಂದು ದಿನ ಲಿಂಗಸುಗೂರಿನಿಂದ ವೀರೇಶಣ್ಣ ಬಂದರು. ಅವರದು ಹಾರ್ಡ್‌ವೇರ್ ಅಂಗಡಿ. ಅವರೂ ಅವರ ಗೆಳೆಯರೂ ಸೇರಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ರೋಗಿಗಳಿಗೆ ರಕ್ತದಾನಿಗಳನ್ನು ಹುಡುಕಿಕೊಡುತ್ತಾರೆ. ಅಲ್ಲಿಯತನಕ ಎಲ್ಲವೂ ಫೋನಿನ ಮೇಲೆಯೇ ನಡೆದಿತ್ತು. ಈಗ ಒಂದು ವೆಬ್‌ಸೈಟ್ ಬೇಕಿತ್ತು.

ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಸಿದ್ಧ ಚೌಕಟ್ಟಿನಲ್ಲಿ ಕೆಲಸ ಶುರು ಮಾಡಿದೆ. ಇಂಥ ವೆಬ್‌ಸೈಟಿಗೆ ಹಿಂದೊಂದು ಕೋಣೆ ಇರುತ್ತದೆ. ಜನರಿಗೆ ಅದು ಕಾಣುವುದಿಲ್ಲ, ನಡೆಸುವವರು ಮಾತ್ರ ಒಳಗೆ ಹೋಗಿ ದಾನಿಗಳ ಹೆಸರು ಸೇರಿಸುತ್ತಾರೆ, ತಿದ್ದುತ್ತಾರೆ, ಹುಡುಕುತ್ತಾರೆ. ಅದಕ್ಕೆ ಅಡ್ಮಿನ್ ಪ್ಯಾನೆಲ್ ಅನ್ನುತ್ತೇವೆ. ಅದನ್ನು ಮೊದಲಿಂದ ಕಟ್ಟುವ ಬದಲು ಬೇರೆಯವರು ಬರೆದಿಟ್ಟ ಸಿದ್ಧ ಪ್ಯಾಕೇಜ್ ಹಾಕಿಕೊಂಡು, ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುವುದು ರೂಢಿ. ಯಾರ್ಯಾರನ್ನು ಒಳಗೆ ಬಿಡಬೇಕು ಎಂದು ವೀರೇಶಣ್ಣನನ್ನು ಕೇಳಿದೆ.

"ಸಿಂಧನೂರಿಗೆ ನಮ್ಮ ಹುಡುಗ ಒಬ್ಬ ಅದಾನ. ಲಿಂಗಸುಗೂರಿಗೆ ನಾನು. ಮಸ್ಕೀದು..." ಎಂದು ಅವರು ಸ್ವಲ್ಪ ತಡೆದರು. "ಮಸ್ಕೀದು ಮೊದಲಿಂದ ಅಮರಪ್ಪ ಸರ್ ನೋಡ್ಕೊಂಡು ಬಂದಾರ. ಈಗ ಅವರಿಗೆ ಕಣ್ಣು ಹೋಗ್ಯಾವ್ರಿ ಅಕ್ಕಾರ. ಅವರಿಗೆ ಯಾಕ ತ್ರಾಸು? ಅದನ್ನೂ ನನ್ನ ಹೆಸರಿಗೇ ಹಾಕ್ರಿ."

ನಾನು ಹಾಗೆಯೇ ಹಾಕಿದೆ.

ಮಸ್ಕಿ ಕಡೆಯ ದಾನಿಗಳ ವಿವರಗಳು ಮಾತ್ರ ಸರ್ ಹತ್ತಿರವೇ ಇದ್ದವು. ಅವನ್ನು ತರಲು ಒಂದು ಭಾನುವಾರ ಅವರ ಮನೆಗೆ ಹೋದೆ. ಅಮರಪ್ಪ ಸರ್ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಕಣ್ಣಿನ ಒಳಪರದೆಯ ಬೇನೆಯಿಂದ ದೃಷ್ಟಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂದು, ಆ ಹೊತ್ತಿಗೆ ಬೆಳಕು ಯಾವುದು, ಕತ್ತಲು ಯಾವುದು ಅನ್ನುವಷ್ಟು ಮಾತ್ರ ಉಳಿದಿತ್ತು. ಅವರ ಹೆಂಡತಿ ಗಿರಿಜಮ್ಮ ಚಾ ಕೊಟ್ಟು ಒಳಗೆ ಹೋದರು. ಸರ್ ವೆಬ್‌ಸೈಟಿನ ಬಗ್ಗೆ ಒಂದೊಂದಾಗಿ ಕೇಳಿದರು. ಎಲ್ಲ ಕೇಳಿದ ಮೇಲೆ, "ಅದರಾಗ ನಾ ಎಲ್ಲಿ ಇರ್ತೀನಿ ತಂಗಿ?" ಅಂದರು.

ಮಸ್ಕಿಯನ್ನೂ ವೀರೇಶಣ್ಣನ ಹೆಸರಿಗೇ ಹಾಕಿದ್ದನ್ನು ಹೇಳಿದೆ.

"ವೀರೇಶ ಬಂಗಾರದಂಥ ಮನಷಾ. ನನಗ ಆರಾಮ ಕೊಡಬೇಕು ಅಂತಾನ. ಸಾಲ್ಯಾಗನೂ ಆರಾಮ ತಗೋರಿ ಅಂದ್ರು. ಮನ್ಯಾಗ ಇಕಿನೂ ಹಂಗ ಅಂತಾಳ. ಎಲ್ಲಾರೂ ಕೂಡಿ ನನಗ ಆರಾಮ ಕೊಟ್ರ ನಾ ಏನು ಮಾಡ್ಲಿ ಹೇಳು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಸರ್ ಜೇಬಿನಿಂದ ಫೋನ್ ತೆಗೆದರು. ಪರದೆಯ ಮೇಲೆ ಬೆರಳಾಡಿಸಿದಂತೆ ಅಲ್ಲಿರುವುದನ್ನು ಅದು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಅದರಲ್ಲೇ ಅವರು ಫೋನ್ ಹಚ್ಚುತ್ತಾರೆ, ಮೆಸೇಜ್ ಕಳಿಸುತ್ತಾರೆ. "ನಿನ್ನ ವೆಬ್‌ಸೈಟ್ ಇದರಾಗ ತಗದು ಕೊಡು, ನೋಡೋಣು" ಅಂದರು. ಅರ್ಧ ಮುಗಿದಿದ್ದ ಪ್ಯಾನೆಲ್ ತೆರೆದುಕೊಟ್ಟೆ. ಸರ್ ಬೆರಳಾಡಿಸಿದರು. ಫೋನು "ಬಟನ್" ಅಂದಿತು. ಮತ್ತೆ "ಬಟನ್". ಮತ್ತೂ "ಬಟನ್, ಬಟನ್". ನಾನು ಚಂದ ಕಾಣಲೆಂದು ಇಟ್ಟಿದ್ದ ಪೆನ್ಸಿಲ್ಲಿನ ಗುರುತು, ಕಸದಬುಟ್ಟಿಯ ಗುರುತು ಎಲ್ಲವೂ ಅವರ ಪಾಲಿಗೆ ಬರೀ ಬಟನ್.

"ಮನಿ ತುಂಬ ಬಾಗಲಾ ಇಟ್ಟಿ, ಒಂದಕ್ಕೂ ಬೋರ್ಡ್ ಹಚ್ಚಿಲ್ಲಲ್ಲವಾ" ಎಂದು ಸರ್ ನಕ್ಕರು.

ಅಂದಿನಿಂದ ಕೆಲಸ ಬೇರೆಯೇ ಆಯಿತು. ಪ್ಯಾಕೇಜಿನಲ್ಲಿ ಪರದೆಯ ಮಾತುಗಳಿರುವ ಫೈಲುಗಳನ್ನು ತೆರೆದು ಪ್ರತಿ ಬಟನ್ನಿಗೂ ಕನ್ನಡದ ಹೆಸರು ಕೊಟ್ಟೆ: ತಿದ್ದು, ಅಳಿಸು, ಹುಡುಕು, ಉಳಿಸು. ಮೊದಲ ಪುಟದಲ್ಲಿದ್ದ, ಫೋನು ಓದಲಾರದ ಬಣ್ಣದ ನಕ್ಷೆಗಳನ್ನು ತೆಗೆದೆ. ಉದ್ದದ ಕೋಷ್ಟಕ ತೆಗೆದು, ಒಬ್ಬ ದಾನಿಯ ವಿವರ ಒಂದೇ ಉಸಿರಿಗೆ ಕೇಳುವ ಹಾಗೆ ಹೆಸರು, ರಕ್ತದ ಗುಂಪು, ಊರು, ಫೋನು ಎಂದು ಜೋಡಿಸಿದೆ. ಲ್ಯಾಪ್‌ಟಾಪಿನ ಪರದೆಗೆ ಟವೆಲ್ ಮುಚ್ಚಿ, ಬರೀ ದನಿ ಕೇಳಿ ಕೆಲಸ ಮಾಡಲು ನೋಡಿದೆ. ಸ್ವಲ್ಪ ಹೊತ್ತಿಗೇ ತಲೆ ಗಿಮಿಗಿಮಿ ಅಂದಿತು. ಭಾನುವಾರ ಬಂತೆಂದರೆ ಮಸ್ಕಿಗೆ ಹೋಗುತ್ತಿದ್ದೆ. ಸರ್ ಒಂದೊಂದನ್ನೇ ಕೇಳಿ ನೋಡಿ, ಇದು ಹಿಂಗಾಗಲಿ, ಅದು ಹಂಗಾಗಲಿ ಅನ್ನುತ್ತಿದ್ದರು.

ಒಂದು ತೊಡಕು ಮಾತ್ರ ಬಿಡಿಸಲಾಗಲಿಲ್ಲ. ಹೊಸ ಹೆಸರು ಹಾಕಿ "ಉಳಿಸು" ಒತ್ತಿದರೆ ಮೂಲೆಯಲ್ಲೊಂದು ಹಸಿರು ಚೀಟಿ ಬಂದು ಮಾಯವಾಗುತ್ತಿತ್ತು. ಕಣ್ಣಿದ್ದವರಿಗೆ ಅಷ್ಟು ಸಾಕು. ಫೋನು ಅದನ್ನು ಓದುತ್ತಲೇ ಇರಲಿಲ್ಲ. ಆಗಿದೆಯೋ ಇಲ್ಲವೋ ತಿಳಿಯದೆ ಸರ್ ಮತ್ತೆ ಮತ್ತೆ ಒತ್ತಿ, ಒಂದೇ ಹೆಸರು ಹಲವು ಸಲ ಸೇರಿಬಿಡುತ್ತಿತ್ತು. ನಾನು ಏನೇನೋ ಮಾಡಿ ಸೋತೆ. ಕೊನೆಗೆ ಆ ಪ್ಯಾಕೇಜ್ ಬಳಸುವವರು ಪ್ರಶ್ನೆ ಕೇಳುವ ಪುಟದಲ್ಲಿ ಸರ್ ವಿಷಯವನ್ನೂ ಸೇರಿಸಿ ಬರೆದೆ. ಬಹಳ ದಿನ ಯಾರೂ ಉತ್ತರ ಕೊಡಲಿಲ್ಲ. ಬಿಟ್ಟುಬಿಡೋಣ ಅಂದುಕೊಂಡಾಗ ಒಬ್ಬರು ಬರೆದರು. ಯಾವ ದೇಶದವರೋ ಗೊತ್ತಿಲ್ಲ. ತಾನೂ ಪ್ರೋಗ್ರಾಮರ್, ತನಗೂ ಕಣ್ಣಿಲ್ಲ, ಇದೇ ತೊಂದರೆ ತನಗೂ ಆಗಿತ್ತು ಎಂದು ತಿಳಿಸಿ, ಕೆಲವೇ ಸಾಲು ಕೋಡ್ ಕಳಿಸಿ, ಅದನ್ನು ಎಲ್ಲಿ ಸೇರಿಸಬೇಕೆಂದು ಹೇಳಿದ್ದರು. ಕೊನೆಗೆ, ನಿಮ್ಮ ಮೇಷ್ಟ್ರಿಗೆ ನನ್ನ ನಮಸ್ಕಾರ ಎಂದಿತ್ತು.

ಮುಂದಿನ ಭಾನುವಾರ ಸರ್ "ಉಳಿಸು" ಒತ್ತಿದರು. ಫೋನು ಸ್ಪಷ್ಟವಾಗಿ "ಉಳಿಸಲಾಗಿದೆ" ಅಂದಿತು. ಸರ್ ಬೇಕೆಂದೇ ಇನ್ನೊಂದು ಹೆಸರು ಹಾಕಿ ಮತ್ತೆ ಒತ್ತಿ ಕೇಳಿದರು. ಆ ಪರದೇಶದವರ ನಮಸ್ಕಾರ ಮುಟ್ಟಿಸಿದಾಗ ಎದ್ದು ನಿಂತು ಕೈ ಜೋಡಿಸಿ, "ಯಾವ ಊರಾಂವೋ ಏನೋ, ತಣ್ಣಗಿರಲಿ" ಅಂದರು. ಅಲ್ಲಿಂದಲೇ ನಾನು ವೀರೇಶಣ್ಣನಿಗೆ ಫೋನ್ ಹಚ್ಚಿ, ಸರ್ ತಾವೇ ಪ್ಯಾನೆಲ್ ನಡೆಸುತ್ತಾರೆ ಎಂದೆ. ಅವರು ಎಲ್ಲ ಕೇಳಿಸಿಕೊಂಡು, "ನಾ ಅವರನ್ನ ಕೇಳಬೇಕಿತ್ರಿ ಅಕ್ಕಾರ. ಮಸ್ಕಿ ಅವರಿಗೇ ಇರಲಿ" ಅಂದರು.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಸಣ್ಣದೊಂದು ರಿಪೇರಿಗೆ ಸರ್ ಮನೆಯಲ್ಲಿದ್ದೆ. ಅವರಿಗೆ ಒಂದು ಫೋನು ಬಂತು. ಲಿಂಗಸುಗೂರಿನ ಆಸ್ಪತ್ರೆಯೊಂದರಿಂದ ಮಸ್ಕಿ ಕಡೆಯ ಒಬ್ಬ ಯುವಕ ಮಾತಾಡುತ್ತಿದ್ದ. ಅವನ ಅಕ್ಕನಿಗೆ ಹೆರಿಗೆ ಆಗಿ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಅಲ್ಲಿ ಸಿಗುತ್ತಿಲ್ಲ. "ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನ್ರಿ" ಎಂದು ಅಳುತ್ತಿದ್ದ.

"ಅಳಬ್ಯಾಡಪ್ಪ, ಆಸ್ಪತ್ರಿ ಹೆಸರು ಹೇಳು. ಫೋನು ಕೈಯಾಗ ಇಟ್ಕೋ" ಅಂದರು ಸರ್.

ನಾನು ಲ್ಯಾಪ್‌ಟಾಪ್ ತೆರೆದೆ. ನನ್ನ ಪುಟ ಇನ್ನೂ ತೆರೆದುಕೊಳ್ಳುತ್ತಿರುವಾಗಲೇ ಸರ್ ಫೋನನ್ನು ಕಿವಿಗೆ ಒತ್ತಿಕೊಂಡು ಬೆರಳಾಡಿಸುತ್ತಿದ್ದರು. ಫೋನು ಗುಂಪು ಹೇಳಿತು, ಊರು ಹೇಳಿತು, ಒಂದು ಹೆಸರು ಹೇಳಿತು: ಮೌಲಾಸಾಬ, ಸಂತೆಕಲ್ಲೂರು. ಸರ್ ಕೂಡಲೇ ಅವನಿಗೆ ಹಚ್ಚಿದರು. ನನ್ನ ಕಡೆ ತಿರುಗಿ, "ನೀ ವೀರೇಶಗ ಹಚ್ಚು. ಇನ್ನೊಬ್ರು ಸಿಗ್ತಾರೇನು ನೋಡು ಅನ್ನು" ಅಂದರು.

ಮೌಲಾಸಾಬ ಬಾಡಿಗೆ ಆಟೊ ಓಡಿಸುವವನು. ಆಗ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲೇ ಗಾಡಿ ತುಂಬ ಮಂದಿ ಕೂಡಿಸಿಕೊಂಡು ಹೊರಟಿದ್ದ. ಸರ್ ಮಾತನ್ನು ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿದನಂತೆ. ಗಾಡಿಯಲ್ಲಿದ್ದ ಹೆಂಗಸೊಬ್ಬಳು ಮೊದಲು ಇಳಿದಳು. ಅವಳ ಹಿಂದೆ ಎಲ್ಲರೂ ಇಳಿದರು. "ನಾವು ಬ್ಯಾರೆ ಗಾಡಿಗೆ ಬರ್ತೀವಿ, ನೀ ನಡಿ ಯಪ್ಪಾ" ಅಂದರಂತೆ. ಅವನು ಖಾಲಿ ಆಟೊ ಓಡಿಸಿಕೊಂಡು ಲಿಂಗಸುಗೂರಿಗೆ ಹೋದ.

ಸಂಜೆ ಆಗುತ್ತ ಬಂದಾಗ ವೀರೇಶಣ್ಣ ಫೋನ್ ಮಾಡಿದರು. ಮೌಲಾಸಾಬ ರಕ್ತ ಕೊಟ್ಟು ಹೋದ, ಇನ್ನೊಬ್ಬ ದಾನಿಯೂ ಸಿಕ್ಕ, ಅವಳಿಗೆ ರಕ್ತ ಏರಿಸುತ್ತಿದ್ದಾರೆ. ಗಿರಿಜಮ್ಮ ದೇವರ ಕಡೆ ತಿರುಗಿ ಗಲ್ಲ ಬಡಿದುಕೊಂಡರು. ಸರ್ ಪ್ಯಾನೆಲ್ ತೆರೆದು, ಮಧ್ಯಾಹ್ನ ತಾವೇ ಸೇರಿಸಿದ್ದ ಆ ಯುವಕನ ಕೋರಿಕೆಯನ್ನು ಹುಡುಕಿದರು. ಪ್ರತಿ ಕೋರಿಕೆಯ ಮುಂದೆ ಅದರ ಸ್ಥಿತಿ ಆರಿಸಲು ನಾನು ಬಾಕಿ, ಪೂರ್ಣ, ರದ್ದು ಎಂದು ಇಟ್ಟಿದ್ದೆ. ಸರ್ "ಪೂರ್ಣ" ಆರಿಸಿದರು.

ನಾನು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಮತ್ತೆ ಫೋನು ಬಂತು. ಈ ಸಲ ವೀರೇಶಣ್ಣನ ದನಿ ಸಣ್ಣಗಾಗಿತ್ತು. "ಸರ್, ಆ ಹುಡುಗಿ ಹೋದ್ಲ್ರಿ. ಡಾಕ್ಟರು ಬಾಳ ಬಡಿದಾಡಿದ್ರು. ರಕ್ತ ಬಂದಿತ್ತು, ಆದ್ರ ಆಕೀ ಮೈಯಾಗಿಂದು ಮೊದಲಽ ಬಾಳ ಹೋಗಿತ್ತಂತ. ಕೂಸು ಐತಿ."

ಸರ್ ಫೋನಿನಲ್ಲಿ ಅದೇ ಕೋರಿಕೆ ತೆರೆದರು. ಅದು ಎಂದಿನ ದನಿಯಲ್ಲೇ "ಸ್ಥಿತಿ, ಪೂರ್ಣ" ಅಂದಿತು.

"ಇದನ್ನ ತಗೀ ತಂಗಿ" ಅಂದರು.

"ಏನಂತ ಹಾಕ್ಲಿ ಸರ್? ರದ್ದು ಅಂತ ಮಾಡ್ಲೇನ್ರಿ?"

"ರದ್ದು ಹೆಂಗಾಗ್ತತಿ? ಆ ಮಂದಿ ಗಾಡಿ ಇಳಿದು ದಾರಿ ಕೊಟ್ರು, ಮೌಲಾಸಾಬ ರಕ್ತ ಕೊಟ್ಟ. ಅದು ರದ್ದಲ್ಲ. ಹಂಗಂತ ಪೂರ್ಣನೂ ಅಲ್ಲ. ನಮ್ಮ ಕೈಲೆ ಆಗಿದ್ದು ರಕ್ತ ಮುಟ್ಟಿಸೋದು. ಅಷ್ಟ ಬರಿ. ಅದರ ಕೆಳಗ, ಆಮ್ಯಾಲೆ ಏನಾತು ಅಂತ ಬರಿಯಾಕ ಒಂದು ಜಾಗ ಬಿಡು."

ನಾನು ಚೀಲ ಇಳಿಸಿ ಅಲ್ಲೇ ಕೂತೆ. "ಪೂರ್ಣ" ತೆಗೆದು "ರಕ್ತ ಮುಟ್ಟಿದೆ" ಎಂದು ಮಾಡಿದೆ. ಅದರ ಕೆಳಗೆ "ಆಮೇಲೆ" ಎಂಬ ಖಾಲಿ ಜಾಗ ಸೇರಿಸಿದೆ. ನಾಲ್ಕು ಸಾಲಿನ ಕೆಲಸ. ಅಕ್ಷರಗಳು ಮಸುಕಾಗಿ, ಮತ್ತೆ ಮತ್ತೆ ತಪ್ಪು ಒತ್ತಿದೆ.

ನಾನು ಅದರಲ್ಲಿರುವಾಗ ಸರ್ ಮೌಲಾಸಾಬನಿಗೆ ಫೋನ್ ಹಚ್ಚಿದರು. ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗಬಾರದು ಅಂದರು. ಸುತ್ತಿ ಬಳಸದೆ ನೇರವಾಗಿ ಹೇಳಿದರು.

"ಕೂಸು?" ಅಂದ ಮೌಲಾಸಾಬ.

"ಕೂಸು ಆರಾಮೈತೆಪ್ಪ."

"ಹೆಣ್ಣೋ ಗಂಡೋ ಸರ್?"

"ನಾ ಕೇಳಲಿಲ್ಲಲ್ಲೋ. ತಡಿ, ಕೇಳಿ ಹೇಳ್ತೀನಿ."

ವೀರೇಶಣ್ಣನನ್ನು ಕೇಳಿ, ಮತ್ತೆ ಅವನಿಗೆ ಫೋನ್ ಮಾಡಿ, "ಹೆಣ್ಣು" ಅಂದರು. ಆಮೇಲೆ ಹೊಸ ಜಾಗದಲ್ಲಿ ಬೆರಳಿಟ್ಟು, ಫೋನು ಕೇಳಿ ಬರೆದುಕೊಳ್ಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ತಾಯಿ ಉಳಿಯಲಿಲ್ಲ. ಹೆಣ್ಣು ಕೂಸು ಇದೆ." ಬಟನ್ ಒತ್ತಿದರು. ಫೋನು "ಉಳಿಸಲಾಗಿದೆ" ಅಂದಿತು.

ಮನೆ ಬಿಡುವ ಮೊದಲು ನಾನು ಆ "ಉಳಿಸಲಾಗಿದೆ" ಎಂಬ ಮಾತನ್ನು ತೆಗೆದು "ಬರೆದಿಟ್ಟಿದೆ" ಎಂದು ಮಾಡಿ ಬಂದೆ.

ಕೆಲವು ದಿನ ಬಿಟ್ಟು ಸರ್ ಆ ಹುಡುಗಿಯ ತವರಿಗೆ ಹೋಗಬೇಕು ಅಂದರು. ಮೌಲಾಸಾಬನ ಆಟೊದಲ್ಲೇ ಹೋದೆವು. ಆಕೆಯ ತಾಯಿ ಪಡಸಾಲೆಯಲ್ಲಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಸರ್ ಯಾರೆಂದು, ಅವತ್ತು ಫೋನ್ ಮಾಡಿದ್ದ ಅವಳ ಮಗ ಹೇಳಿದ. ಅವಳು ಸರ್ ಕೈ ಹಿಡಿದು ಕೂಡಿಸಿದಳು. ಮೌಲಾಸಾಬ ಅಂಗಳದಲ್ಲೇ, ಗಾಡಿಯ ಹತ್ತಿರ ನಿಂತಿದ್ದ. ತಾನು ಯಾಕೆ ಬಂದೆನೋ ಅನ್ನುವ ಹಾಗೆ ತಲೆ ತಗ್ಗಿಸಿದ್ದ.

"ಅಂವ ಯಾರು?" ಅಂದಳು ಮುದುಕಿ.

"ಅವತ್ತು ರಕ್ತ ಕೊಟ್ಟಾಂವ" ಅಂದರು ಸರ್.

ಅವಳು ಕೂಸನ್ನು ಎತ್ತಿಕೊಂಡೇ ಎದ್ದು ಬಾಗಿಲಿಗೆ ಬಂದಳು. "ಒಳಗ ಬಾರಪ್ಪ" ಅಂದಳು. "ನನ್ನ ಮಗಳು ಹೋಗೋ ಹೊತ್ತಿಗೆ ನಿನ್ನ ರಕ್ತ ಆಕೀ ಮೈಯಾಗಿತ್ತು. ನೀ ಹೊರಗ ನಿಂದ್ರಾಂವ ಹೆಂಗಾಗ್ತಿ?"

ಮೌಲಾಸಾಬ ಮುಖ ಮುಚ್ಚಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತಳು.

ಆಮೇಲೆಯೂ ನಾನು ಹಲವು ಪ್ಯಾನೆಲ್‌ಗಳನ್ನು ಹೊಂದಿಸಿ ಕೊಟ್ಟಿದ್ದೇನೆ. ಅಕ್ಕಿಮೂಟೆ ಲೆಕ್ಕಕ್ಕೆ, ಮದುವೆ ಹಾಲಿನ ಬುಕಿಂಗಿಗೆ "ಪೂರ್ಣ" ಎಂದು ಬರೆಯುತ್ತೇನೆ, ಅದರಲ್ಲಿ ಅಡ್ಡಿಯಿಲ್ಲ. ಆದರೆ ಮನುಷ್ಯರ ಹೆಸರಿನ ಮುಂದೆ ಆ ಶಬ್ದ ಇಡಬೇಕಾಗಿ ಬಂದಾಗ ನನ್ನ ಕೈ ಇವತ್ತಿಗೂ ತಡೆಯುತ್ತದೆ.