ಶೆಟ್ಟರು ಸಿಡಿಲು ತಿರುಗಿಸಿದ್ದು

ಹೈಟೆನ್ಷನ್ ಟವರಿಗೆ ಸಿಡಿಲು ಬಡಿದರೆ ಕರೆಂಟು ಮಣ್ಣಿನೊಳಗೆ ಹೇಗೆ ಹರಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೆ ಅಲ್ಲಿಯ ಮಣ್ಣಿನ ಗುಣ ಗೊತ್ತಿರಬೇಕು. ಹಾಗಾಗಿ ಮುಂಬಯಿಯ ಮುಲುಂಡಿನಲ್ಲಿ ಟವರಿಗೆ ತಾಗಿಕೊಂಡಿದ್ದ ಹಳೇ ಹೌಸಿಂಗ್ ಸೊಸೈಟಿಯೊಂದರ ಅಂಗಳದಲ್ಲಿ ನಾಲ್ಕು ಕಬ್ಬಿಣದ ಸರಳು ಸಾಲಾಗಿ ಹೊಡೆದು ಟೇಪು ಹಿಡಿದಿದ್ದೆ.

ಮುಂಬಯಿಯಲ್ಲಿ ಹಳೇ ಬಿಲ್ಡಿಂಗಿನ ನೆಲ ಅಳೆದರೆ ಅದಕ್ಕೆ ಒಂದೇ ಅರ್ಥ: ಬಿಲ್ಡರ್ ಬಂದ, ಇದನ್ನು ಕೆಡವಿ ಹೊಸದು ಎಬ್ಬಿಸುತ್ತಾನೆ, ಇದ್ದವರಿಗೆಲ್ಲ ಅದರಲ್ಲೇ ಹೊಸ ಮನೆ ಕೊಡುತ್ತಾನೆ. ಕಿಟಕಿಗಳೆಲ್ಲ ಪಟಪಟ ತೆರೆದವು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಸೊಸೈಟಿಯ ಸೆಕ್ರೆಟರಿ ಶೆಟ್ಟರು ಚಹಾ ಹಿಡಿದುಕೊಂಡೇ ಇಳಿದು ಬಂದರು.

"ನಮ್ಮವರೇ ಅಂತ ಕೇಳ್ತೇನೆ, ಎಷ್ಟು ಮಾಳಿಗೆ ಬರ್ತದೆ?"

"ಬಿಲ್ಡರ್ ಅಲ್ಲ ಶೆಟ್ರೇ, ಇದು ಸಿಡಿಲಿನ ಕೆಲಸ."

"ಬಿಲ್ಡರನ ಜನ ಮೊದಲು ಎಂತಾದರೊಂದು ಕತೆ ಹೇಳುವುದೇ ಮಾರಾಯ್ರೇ." ನನಗೂ ಒಂದು ಲೋಟ ಚಹಾ ತರಿಸಿ, ದನಿ ತಗ್ಗಿಸಿದರು. "ಟಾಪ್ ಫ್ಲೋರ್ ನನಗೇ ಇರಲಿ. ಗಾಳಿ ಒಳ್ಳೇದುಂಟು."

ಇನ್ನೆಷ್ಟು ಹೇಳಿದರೂ ನಂಬುವವರಲ್ಲ. "ಆಗಲಿ. ಆದರೆ ಸಿಡಿಲು ಮೊದಲು ಹುಡುಕುವುದು ಎತ್ತರದಲ್ಲಿ ಇರುವವರನ್ನೇ," ಅಂದೆ.

ಶೆಟ್ಟರು ಟವರಿನ ತುದಿಯನ್ನೊಮ್ಮೆ ನೋಡಿದರು. "ಹಾಗಾದರೆ ನನಗೆ ಮೂರನೇದು ಸಾಕು. ಮೇಲಿನದ್ದು ನಮ್ಮ ಚೇರ್ಮನ್ನರಿಗೆ ಕೊಡಿ. ಪಾಪ, ಹಿರಿಯರು."

ಸಿಡಿಲನ್ನು ಬೇರೆ ದಾರಿಗೆ ತಿರುಗಿಸುವ ವಿದ್ಯೆಗಾಗಿ ನಾನು ವರ್ಷಗಟ್ಟಲೆ ಓದಿದ್ದೇನೆ. ಶೆಟ್ಟರಿಗೆ ಅರ್ಧ ಲೋಟ ಚಹಾ ಸಾಕಾಯಿತು.